ಬ್ಯಾಂಕಿನ ಪಾಲಿನ ಎರಡು ರೊಟ್ಟಿ

ನಮ್ಮ ಅಡುಗೆಮನೆಯ ಹಲಗೆಯ ಮೇಲೆ ಒಂದು ಹಾಟ್‌ಬಾಕ್ಸ್ ಕುಳಿತಿದೆ. ತಿಳಿಗುಲಾಬಿ ಬಣ್ಣ, ಮುಚ್ಚಳದ ಮೇಲೆ ಎರಡು ಹೂವು, ಒಳಗೆ ಫಳಫಳಿಸುವ ಸ್ಟೀಲು. ಮನೆಗೆ ಬಂದ ಹೆಂಗಸರೆಲ್ಲ ಅದನ್ನು ನೋಡಿ, “ಚಲೋ ಐತಿ, ಎಷ್ಟಕ್ಕ ತಗೊಂಡ್ರಿ?” ಎಂದು ಕೇಳುತ್ತಾರೆ. ನಾನು ಮಾತು ಮರೆಸಿ ಚಹಾಕ್ಕೆ ಇಡುತ್ತೇನೆ. ನಿಮ್ಮ ಮುಂದೆ ಎಂಥ ಮುಚ್ಚುಮರೆ? ಅದರ ಬೆಲೆ ಹೇಳಬೇಕೆಂದರೆ ನನ್ನ ದಡ್ಡತನದ ಕಥೆ ಹೇಳಬೇಕು, ಅದಕ್ಕೂ ಮೊದಲು ನಮ್ಮ ಅತ್ತೆಯ ವಿಷಯ ಹೇಳಬೇಕು. ಚಹಾ ಕುದಿಯುವವರೆಗೆ ಮುಗಿಯುವ ಮಾತಲ್ಲ.

ಹಾವೇರಿಯಲ್ಲಿ ನಮ್ಮದೊಂದು ರೊಟ್ಟಿ ಅಂಗಡಿ. ಅಂಗಡಿ ಎಂದರೆ ಮನೆಯ ಮುಂದಿನ ಪಡಸಾಲೆಯೇ. ಇಪ್ಪತ್ತು ವರ್ಷದ ಹಿಂದೆ ಅತ್ತೆ ಪಾರ್ವತೆವ್ವ ಒಂದೇ ಹಂಚಿನಿಂದ ಶುರು ಮಾಡಿದ್ದು, ಈಗ ಹನ್ನೆರಡು ಜನ ಹೆಣ್ಣುಮಕ್ಕಳು ಕುಳಿತು ಬಡಿಯುತ್ತಾರೆ. ಅರ್ಧಕ್ಕರ್ಧ ಜನ ಹತ್ತಿರದ ಅಗಡಿ ಊರಿನವರು, ಬೆಳಗಿನ ಬಸ್ಸಿಗೆ ಬರುತ್ತಾರೆ. ಅತ್ತೆಯ ಮೊಣಕಾಲು ಕೈಕೊಟ್ಟು ಆರು ವರ್ಷವಾಯಿತು. ಅಂದಿನಿಂದ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ, ಬಡಿಯುವ ಸಪ್ಪಳ ಕೇಳಿಯೇ ಯಾರ ರೊಟ್ಟಿ ದಪ್ಪ, ಯಾರ ಮನಸ್ಸು ಇವತ್ತು ಕೆಲಸದ ಮೇಲಿಲ್ಲ ಎಂದು ಹೇಳಿಬಿಡುತ್ತಾರೆ. ಜೋಳ, ಖಾರ, ಗಿರಾಕಿ, ಫೋನು, ಇವೆಲ್ಲ ಸೊಸೆ ನೀಲಮ್ಮನ, ಅಂದರೆ ನನ್ನ ಪಾಲಿಗೆ. ನಾವು ಮಾರುವುದು ಖಡಕ್ ರೊಟ್ಟಿ. ತಿಂಗಳುಗಟ್ಟಲೆ ಇಟ್ಟರೂ ಕೆಡುವುದಿಲ್ಲ, ಬಿಸಿಯಾಗಿಡುವ ಅಗತ್ಯವಂತೂ ಇಲ್ಲವೇ ಇಲ್ಲ. ಹೀಗಿರುವಾಗ ಹಾಟ್‌ಬಾಕ್ಸ್ ಏಕೆ ಬೇಕಾಗಿತ್ತು ಎಂದು ಕೇಳಬೇಡಿ. ಪುಕ್ಕಟೆ ಬರುತ್ತಿತ್ತು, ಅದಕ್ಕೆ.

ಪುಕ್ಕಟೆ ಎನ್ನುವ ಮಾತಿಗೆ ನಾನು ಸಣ್ಣವಳಿದ್ದಾಗಿನಿಂದಲೂ ಸೋತವಳು. ನನ್ನ ತವರು ಮೋಟೆಬೆನ್ನೂರು. ಆಗ ಯಾವುದೋ ಚಹಾಪುಡಿಯ ದೊಡ್ಡ ಪಾಕೀಟಿನ ಜೊತೆ ಒಂದು ಗಾಜಿನ ಲೋಟ ಕೊಡುತ್ತಿದ್ದರು. ಆರು ಲೋಟದ ಸೆಟ್ಟು ಆಗಲೇಬೇಕೆಂದು ನಾನು ಹಟ ಹಿಡಿದೆ. ಪುಡಿ ಬೇಗ ಮುಗಿಯಲೆಂದು ಅಪ್ಪನಿಗೆ ದಿನಕ್ಕೆ ಏಳು ಸಲ ಚಹಾ ಮಾಡಿಕೊಟ್ಟೆ. ಪಾಪ, ಮಗಳಿಗೆ ತನ್ನ ಮೇಲೆ ಎಂಥ ಪ್ರೀತಿ ಎಂದು ಅಪ್ಪ ಊರೆಲ್ಲ ಹೇಳಿಕೊಂಡು ತಿರುಗಿದ. ನಿದ್ದೆ ಮಾತ್ರ ಬಾರದೆ ಹೊರಳಾಡುತ್ತಿದ್ದ. ಐದನೆಯ ಲೋಟ ಬರುವ ಹೊತ್ತಿಗೆ ಮೊದಲಿನ ಮೂರು ಒಡೆದಿದ್ದವು. ಆರೂ ಒಟ್ಟಿಗೆ ನಿಂತದ್ದನ್ನು ನಾನು ಕೊನೆಗೂ ನೋಡಲಿಲ್ಲ. ಆ ಕೊರತೆ ಎದೆಯೊಳಗೆ ಎಲ್ಲೋ ಉಳಿದುಬಿಟ್ಟಿತ್ತೆಂದು ಕಾಣುತ್ತದೆ.

ಅದನ್ನು ಎಬ್ಬಿಸಿದವನು ಸಮೀರ. ಇವನು ಬ್ಯಾಂಕಿನ ಅಧಿಕಾರಿ, ವಯಸ್ಸು ಮೂವತ್ತರ ಆಸುಪಾಸು, ಊರು ಬ್ಯಾಡಗಿ. ಒಂದು ದಿನ ನಮ್ಮ ಪಡಸಾಲೆಗೆ ಬಂದು ಕುಳಿತು, ಒಂದು ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡು, ಬ್ಯಾಗಿನಿಂದ ಕಾಗದ ತೆಗೆದ.

“ಅಕ್ಕಾರ, ನಿಮ್ಮಂಥಾ ವ್ಯಾಪಾರಸ್ಥರಿಗೆ ಅಂತನ ಬಿಸಿನೆಸ್ ಕ್ರೆಡಿಟ್ ಕಾರ್ಡ್ ಐತ್ರಿ. ಇವತ್ತ ಜೋಳ ತಗೋರಿ, ರೊಕ್ಕ ಮುಂದಿನ ತಿಂಗಳ ಕಟ್ಟ್ರಿ. ಮ್ಯಾಲೆ ಖರ್ಚ ಮಾಡಿದ್ದಕ್ಕ ಪಾಯಿಂಟ್ ಬರ್ತಾವ.”

“ಪಾಯಿಂಟ್ ತಗೊಂಡು ಏನ್ ಮಾಡೂದು?”

“ಸಾಮಾನ ಬರ್ತಾವ್ರಿ. ಪುಕ್ಕಟ.”

ಅಲ್ಲಿಗೆ ಮುಗಿಯಿತು. ಸಹಿ ಎಲ್ಲಿ ಹಾಕಲಿ ಎಂದು ನಾನೇ ಕೇಳಿದೆ.

ಕಾರ್ಡಿನ ಬೆನ್ನಿಗೇ ಸ್ವೈಪ್ ಮಷಿನ್ನೂ ಬಂತು. ಹತ್ತು ರೊಟ್ಟಿ ಒಯ್ಯುವವರು ಫೋನಿನಲ್ಲಿ ಸ್ಕ್ಯಾನ್ ಮಾಡಿ ಹೋಗುತ್ತಾರೆ, ಅದರಲ್ಲಿ ಯಾರೂ ಏನೂ ಕಡಿಯುವುದಿಲ್ಲ. ಸಾವಿರ ರೊಟ್ಟಿಯ ಗಿರಾಕಿಗಳು ಮಾತ್ರ ಕಾರ್ಡು ಉಜ್ಜುತ್ತೇವೆ ಎನ್ನುತ್ತಾರೆ, ಅವರಿಗೂ ಅವರವರ ಪಾಯಿಂಟಿನ ಆಸೆ. ಹಾಗೆ ಉಜ್ಜಿದ ನೂರು ರೂಪಾಯಿಯಲ್ಲಿ ಎರಡು ರೂಪಾಯಿ ಹಿಡಿದುಕೊಂಡು ಬ್ಯಾಂಕು ಉಳಿದದ್ದನ್ನು ನಮ್ಮ ಖಾತೆಗೆ ಹಾಕುತ್ತದೆ. ಹೊರಡುವ ಮುಂದೆ ಸಮೀರ ಒಂದು ಮಾತು ಹೇಳಿದ. “ನಿಮ್ಮ ಕಾರ್ಡ್ ನಿಮ್ಮ ಮಷಿನ್ನಿನಾಗ ಉಜ್ಜಬ್ಯಾಡ್ರಿ ಮತ್ತ. ಅದು ರೂಲ್ಸಿನಾಗ ಇಲ್ಲ.” ಕುಕ್ಕರಿನ ಜೊತೆ ಬರುವ ಪುಸ್ತಕದಲ್ಲಿನ ಎಚ್ಚರಿಕೆಗಳಿಗೆ ನಾನು ಎಷ್ಟು ಮರ್ಯಾದೆ ಕೊಡುತ್ತೇನೋ ಅದಕ್ಕೂ ಅಷ್ಟೇ ಕೊಟ್ಟೆ.

ಮೊದಲ ದೊಡ್ಡ ಬಿಲ್ಲು ಉಜ್ಜಿದ ದಿನ ಅತ್ತೆ ವಿಚಾರಣೆ ಶುರು ಮಾಡಿದರು.

“ನೂರಕ್ಕ ಎರಡು ಯಾರ ಪಾಲು?”

“ಬ್ಯಾಂಕಿನವರದು, ಅತ್ತೀ.”

“ಅವರೇನ್ ರೊಟ್ಟಿ ಬಡದಾರ? ಕಟಗಿ ಒಡದಾರ?”

“ಗಿರಾಕಿ ಕೊಟ್ಟ ರೊಕ್ಕ ನಮಗ ತಂದ ಮುಟ್ಟಸ್ತಾರ.”

ಅತ್ತೆ ಸ್ವಲ್ಪ ಹೊತ್ತು ಎಲೆ ಅಡಿಕೆ ಅಗಿದರು. “ಹಂಗನ್ನು ಮತ್ತ. ಆಯಗಾರ ಅವ” ಎಂದರು.

ಆಯಗಾರ ಎಂದರೆ ನಿಮ್ಮಲ್ಲಿ ವಯಸ್ಸಾದವರಿಗೆ ಗೊತ್ತು, ಉಳಿದವರಿಗೆ ಹೇಳುತ್ತೇನೆ. ನನ್ನ ತವರೂರಲ್ಲಿ ಬಡಿಗೇರ ಕಾಳಪ್ಪಜ್ಜ ಇದ್ದ. ವರ್ಷವಿಡೀ ಕೂರಿಗೆ, ರಂಟೆ, ನೊಗ ಎಲ್ಲ ಅವನೇ ದುರಸ್ತಿ ಮಾಡುತ್ತಿದ್ದ, ಒಂದು ಪೈಸೆ ಕೇಳುತ್ತಿರಲಿಲ್ಲ. ರಾಶಿಯ ದಿನ ಚೀಲ ಹಿಡಿದು ಕಣಕ್ಕೆ ಬರುತ್ತಿದ್ದ. ಅಪ್ಪ ಬುಟ್ಟಿಯಲ್ಲಿ ಜೋಳ ಅಳೆದು ಹಾಕುತ್ತಿದ್ದ, ಅದೇ ಆಯ. ಅಳೆದ ಮೇಲೂ ಅಜ್ಜ ಚೀಲದ ಬಾಯಿ ಮುಚ್ಚದೆ ಸುಮ್ಮನೆ ನಿಲ್ಲುವನು. ಅಪ್ಪ ನಕ್ಕು ಇನ್ನೊಂದು ಬೊಗಸೆ ಹಾಕುವನು. ನಮ್ಮಕ್ಕನ ಮದುವೆಯ ಹಿಂದಿನ ದಿನ ಹಂದರದ ಕಂಬ ಮುರಿದು ಬಿದ್ದಾಗ, ಕಾಳಪ್ಪಜ್ಜ ಜ್ವರದ ಮೈಯಲ್ಲೇ ಬಾಚಿ ಹಿಡಿದು ಬಂದು ನಿಂತಿದ್ದ. ಕರೆಯಲು ಹೋದವರು ಮನೆಗೆ ಮರಳುವ ಮೊದಲೇ ಅವನು ನಮ್ಮ ಅಂಗಳದಲ್ಲಿದ್ದ. ಆಯ ತೆಗೆದುಕೊಂಡವನು ಕರೆದಾಗ ಬರಬೇಕು, ಕೊಡುವವರು ಕೈಯಾರೆ ಕೊಡಬೇಕು. ಅತ್ತೆಗೆ ಗೊತ್ತಿದ್ದ ಬ್ಯಾಂಕಿಂಗ್ ಇಷ್ಟೇ.

ಅಂದಿನಿಂದ ಕಾರ್ಡಿನ ಗಿರಾಕಿ ಬಂದರೆ ನೂರು ರೊಟ್ಟಿಗೆ ಎರಡರಂತೆ ಅತ್ತೆ ಬೇರೆ ಬುಟ್ಟಿಗೆ ತೆಗೆದಿಡಿಸತೊಡಗಿದರು. ನಾನು ಬಾಯಿ ಬಾಯಿ ಬಡಿದುಕೊಂಡೆ.

“ಅತ್ತೀ, ಅವರು ರೊಕ್ಕದಾಗ ಮೊದಲ ಕಡಕೊಂಡಾರ. ಮತ್ತ ರೊಟ್ಟಿ ಯಾಕ?”

“ಹೇಳದ ಕೇಳದ ಕಡಕೊಂಡದ್ದು ಆಯ ಹೆಂಗ ಆಕ್ಕೈತಿ? ಅದು ತುಡುಗು. ನಾವು ಕೊಟ್ಟದ್ದು ಆಯ.”

ಹೀಗೆ ಜಗತ್ತಿಗೆಲ್ಲ ನೂರಕ್ಕೆ ಎರಡು ಹೋದರೆ ನಮ್ಮ ಅಂಗಡಿಯಲ್ಲಿ ನೂರಕ್ಕೆ ನಾಲ್ಕು ಹೋಗತೊಡಗಿತು.

ಮಷಿನ್ನಿಗೆ ಕಾಗದದ ಸುರುಳಿ ಕೊಡಲು ಬಂದ ಸಮೀರನ ಮುಂದೆ ಅತ್ತೆ ಬುಟ್ಟಿ ಇಟ್ಟಾಗ ಅವನು ಹೌಹಾರಿದ. “ಅಮ್ಮಾರ, ನಾವು ಏನೂ ತಗೊಳ್ಳಂಗಿಲ್ರಿ. ನೌಕರಿ ಹೊಕ್ಕೈತಿ.”

“ನಿನಗ ಯಾರ ಕೊಡಾಕತ್ತಾರ? ಬ್ಯಾಂಕಿಗೆ ಕೊಡಾಕತ್ತೇನಿ. ನೀ ಹೊತ್ಕೊಂಡ ಹೋಗಾಂವ ಅಷ್ಟ” ಎಂದರು ಅತ್ತೆ. “ಬುಟ್ಟಿ ಮಾತ್ರ ತಿರಗಿ ತಂದ ಕೊಡಪಾ.”

ಬ್ಯಾಂಕಿನವರು ಮಧ್ಯಾಹ್ನದ ಊಟಕ್ಕೆ ಅವನ್ನು ಹಂಚಿಕೊಂಡು ತಿನ್ನತೊಡಗಿದರಂತೆ. ತಿಂಗಳಿಗೊಮ್ಮೆ ಬುಟ್ಟಿ ಮರಳಿ ಬರುವುದು. ಅತ್ತೆ ಅದರೊಳಗೆ ಇಣುಕಿ ನೋಡುವರು, ಆಮೇಲೆ ನನ್ನ ಮುಖ ನೋಡುವರು. ನಮ್ಮ ಕಡೆ ಒಬ್ಬರ ಮನೆಯಿಂದ ಬಂದ ಬುಟ್ಟಿಯನ್ನು ಬರಿದಾಗಿ ಮರಳಿಸುವುದಿಲ್ಲ, ಒಂದು ಬೆಲ್ಲದ ತುಣುಕಾದರೂ ಹಾಕುತ್ತೇವೆ. ಬ್ಯಾಂಕಿಗೆ ಇದು ಗೊತ್ತಿರಲಿಲ್ಲ. ಅತ್ತೆ ಬಾಯಿಬಿಟ್ಟು ಹೇಳಲೂ ಇಲ್ಲ.

ಇತ್ತ ನನಗೆ ಪಾಯಿಂಟಿನ ಹುಚ್ಚು ಹಿಡಿದಿತ್ತು. ಫೋನಿನಲ್ಲಿ ಸಾಮಾನುಗಳ ಚಿತ್ರ ಬರುತ್ತಿದ್ದವು. ಅದರಲ್ಲಿ ಈ ಗುಲಾಬಿ ಹಾಟ್‌ಬಾಕ್ಸ್ ನೋಡಿದೆ, ಅದೇ ಬೇಕೆನಿಸಿತು. ದಿನಾ ಹಾಲು ಕಾಯಿಸುವಾಗ ಒಮ್ಮೆ ತೆಗೆದು ನೋಡುತ್ತಿದ್ದೆ, ಎರಡು ಸಲ ಹಾಲು ಉಕ್ಕಿತು. ಜೋಳ ಕಾರ್ಡಿನಲ್ಲಿ, ಎಳ್ಳು ಕಾರ್ಡಿನಲ್ಲಿ, ನೆಂಟರ ಮಗನ ಸೈಕಲ್ಲೂ ಕಾರ್ಡಿನಲ್ಲಿ. ಚಟ್ನಿಗೆ ಮೆಣಸಿನಕಾಯಿ ತರಲು ಬ್ಯಾಡಗಿಗೆ ಹೋದಾಗ, ಹಳೆಯ ಪರಿಚಯದ ವ್ಯಾಪಾರಿ ಕೈಮುಗಿದ. “ಕಾರ್ಡ್ ಆದ್ರ ನೂರಕ್ಕ ಎರಡು ಹೆಚ್ಚಿಗಿ ಆಗ್ತೈತ್ರಿ ಅಕ್ಕಾರ. ನಾಳೆ ರೊಕ್ಕ ತಂದ ಕೊಟ್ರೂ ನಡೀತೈತಿ.” ನಾನು ಬಿಡಲಿಲ್ಲ, ಉಜ್ಜು ಎಂದೆ. ಅಷ್ಟರಲ್ಲಿ ಘಾಟು ಏರಿ ಒಂದರ ಮೇಲೊಂದು ಸೀನು, ಕಣ್ಣಲ್ಲಿ ಧಾರೆ ನೀರು. ಚಾರ್ಜು ಕೇಳಿದ್ದಕ್ಕೆ ಈ ಹೆಣ್ಣುಮಗಳು ಅಳುತ್ತಿದ್ದಾಳೆಂದು ತಿಳಿದು ಅವನು ಗಾಬರಿಯಾಗಿ ಚಹಾ ತರಿಸಿದ.

ನಮ್ಮ ಮನೆಯವರು ಶಾಲೆಯಲ್ಲಿ ಗಣಿತ ಹೇಳುತ್ತಾರೆ. ಒಂದೇ ಒಂದು ಸಲ ಅಂದರು, “ಎರಡ ರೂಪಾಯಿ ಕೊಟ್ಟು ಚಾರಾಣೆದ ಪಾಯಿಂಟ್ ತಗೊಳ್ಳಾಕತ್ತಿಯಲ್ಲ, ಯಾವ ಸೂತ್ರ ಇದು?” ನಾನು ನೋಡಿದ ನೋಟಕ್ಕೆ ಪೇಪರಿನ ಹಿಂದೆ ಸರಿದುಬಿಟ್ಟರು.

ಶ್ರಾವಣ ಬಂತು. ನಾಗರ ಪಂಚಮಿಯ ಹಿಂದಿನ ದಿನ ನಮ್ಮಲ್ಲಿ ರೊಟ್ಟಿ ಪಂಚಮಿ. ಅಂದು ಮನೆಮನೆಯಿಂದ ಮನೆಮನೆಗೆ ರೊಟ್ಟಿ, ಪಲ್ಯ, ಚಟ್ನಿ ಓಡಾಡುತ್ತವೆ. ರಾಣೆಬೆನ್ನೂರಿನ ಬೀಜದ ವ್ಯಾಪಾರಿಯೊಬ್ಬರು ತಮ್ಮ ಬಳಗಕ್ಕೆಲ್ಲ ಹಂಚಲು ಮೂರು ಸಾವಿರ ರೊಟ್ಟಿ ಹೇಳಿದರು. ಹಣವನ್ನೆಲ್ಲ ಮೊದಲೇ ಕಾರ್ಡಿನಲ್ಲಿ ಉಜ್ಜಿ ಹೋದರು. ಆ ಹಣದಲ್ಲೇ ನಮ್ಮ ಹನ್ನೆರಡು ಜನರ ಪಂಚಮಿ ಪಗಾರ ಆಗಬೇಕು. ಹಬ್ಬಕ್ಕೆ ಅವರೆಲ್ಲ ತವರಿಗೆ ಹೋಗುವವರು. ತವರಿಗೆ ಹೊರಟ ಹೆಣ್ಣುಮಗಳನ್ನು ಅತ್ತೆ ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಬರಿಗೈಯಲ್ಲಿ ಕಳಿಸಿದವರಲ್ಲ.

ಅದೇ ವಾರ ನನ್ನ ಪಾಯಿಂಟುಗಳ ಅವಧಿಯೂ ಮುಗಿಯುವುದಿತ್ತು. ಹಾಟ್‌ಬಾಕ್ಸಿಗೆ ಇನ್ನೂ ಸ್ವಲ್ಪ ಕಡಿಮೆ. ಕೊಳ್ಳಲು ಏನೂ ಉಳಿದಿರಲಿಲ್ಲ, ಮನೆಯಲ್ಲಿ ಎಳ್ಳು ಇಡಲು ಜಾಗವಿರಲಿಲ್ಲ. ಮಧ್ಯಾಹ್ನ ಎಲ್ಲರೂ ಉಣ್ಣಲು ಕುಳಿತಾಗ ನಾನು ಮಷಿನ್ನಿನ ಮುಂದೆ ಒಬ್ಬಳೇ ನಿಂತೆ. ನಾನೇ ರೊಟ್ಟಿ ಮಾರಿದೆ, ನಾನೇ ಕೊಂಡೆ. ಗಿರಾಕಿ ನೀಲಮ್ಮ ಪಿನ್ನು ಒತ್ತುವಾಗ ಅಂಗಡಿಯ ನೀಲಮ್ಮ ಮರ್ಯಾದೆಯಿಂದ ಮುಖ ಆಚೆ ತಿರುಗಿಸಿದಳು. ಚೀಟಿ ಹೊರಗೆ ಬಂತು. ಮರುದಿನ ಮತ್ತೊಮ್ಮೆ, ಅದರ ಮರುದಿನ ಇನ್ನೊಮ್ಮೆ. ಪಾಯಿಂಟು ತುಂಬಿತು, ಹಾಟ್‌ಬಾಕ್ಸಿಗೆ ಆರ್ಡರ್ ಹಾಕಿದೆ. ಆ ಮೂರು ಸಲದಲ್ಲಿ ಹೋದ ಚಾರ್ಜಿಗೆ ಪೇಟೆಯಲ್ಲಿ ಅಂಥವು ಮೂರು ಬರುತ್ತಿದ್ದವೆಂದು ಆಮೇಲೆ ನಮ್ಮ ಮನೆಯವರು ಲೆಕ್ಕ ಮಾಡಿ ತೋರಿಸಿದರು.

ನಾಲ್ಕನೆಯ ದಿನ ಸಮೀರನ ಫೋನು. ದನಿ ಸಣ್ಣದಾಗಿತ್ತು.

“ಅಕ್ಕಾರ, ಮ್ಯಾಲಿನ ಆಫೀಸಿನ ಕಂಪ್ಯೂಟರ್ ಹಿಡದಬಿಟ್ಟೈತ್ರಿ. ನಿಮ್ಮ ಮಷಿನ್ನಿನ ಎಲ್ಲಾ ರೊಕ್ಕ ತಡದಾರ, ರಾಣೆಬೆನ್ನೂರಿಂದೂ ಸೈತ. ಬಂದ ಒಂದ ಪತ್ರ ಬರದ ಕೊಡ್ರಿ, ನಾನ ಉಜ್ಜಿಕೊಂಡೇನಿ, ತಪ್ಪಾತು ಅಂತ. ಬಿಡಸ್ತೇನಿ. ನಾ ಯಾರಿಗೂ ಹೇಳಂಗಿಲ್ಲ.”

ನನ್ನ ಕೈಯಾರೆ ಬರೆದು ಕೊಡುವುದೇ? ನಾಳೆ ಬರುತ್ತೇನೆಂದೆ. ನಾಳೆ ಹೋಗಲಿಲ್ಲ. ಪಂಚಮಿಗೆ ಐದು ದಿನ ಉಳಿದಾಗ ಅತ್ತೆ ಕೇಳಿದರು, “ಹುಡುಗ್ಯಾರ ಪಗಾರ ತಂದೇನ?” ನನ್ನ ಬಾಯಿಂದ ಬಂದದ್ದು ಅರ್ಧ ಮಾತು. “ಬ್ಯಾಂಕಿನವರು ತಡದಾರ, ಅತ್ತೀ.”

ಅತ್ತೆ ಎದ್ದು ನಿಂತರು. ಆರು ವರ್ಷದಲ್ಲಿ ಅವರು ಯಾರ ಕೈಯನ್ನೂ ಹಿಡಿಯದೆ ಎದ್ದದ್ದು ಅಂದೇ. “ಆಯ ತಿಂದು ಕೆಲಸ ತಪ್ಪಸ್ತಾರ? ಹಬ್ಬದ ಹೊತ್ತಿನಾಗ? ಆಟೋ ಕರಿ.” ಇಳಕಲ್ ಸೀರೆ ಉಟ್ಟರು, ಆ ತಿಂಗಳ ಆಯದ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಕುಳಿತರು. ನಾನು ಪಕ್ಕದಲ್ಲಿ. ಆಟೋ ಕೆಟ್ಟು ನಿಲ್ಲಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ. ಹಾಳು ಆಟೋ, ಹೊಸದು.

ಬ್ಯಾಂಕಿನಲ್ಲಿ ಹಬ್ಬದ ಮುಂಚಿನ ಗದ್ದಲ. ಅತ್ತೆ ನೇರ ಹೋಗಿ ಕೌಂಟರಿನ ಮೇಲೆ ಬುಟ್ಟಿ ಕುಕ್ಕಿದರು.

“ತಿಂಗಳಾ ತಿಂಗಳಾ ನಿಮ್ಮ ಪಾಲು ಮುಟ್ಟಸೇನೋ ಇಲ್ಲೋ? ಎಣಿಸಿ ಕೊಟ್ಟೇನಿ, ಮ್ಯಾಲೆ ಒಂದ ಹೆಚ್ಚಿಗಿ ಇಟ್ಟೇನಿ. ನಮ್ಮ ಹುಡುಗ್ಯಾರ ರೊಕ್ಕ ಯಾಕ ಹಿಡದೀರಿ? ಆ ತಮ್ಮಗ ಕರೀರಿ!”

ಸರತಿಯಲ್ಲಿದ್ದವರೆಲ್ಲ ಇತ್ತ ತಿರುಗಿದರು. ಮ್ಯಾನೇಜರು ಗಾಜಿನ ಕೋಣೆಯಿಂದ ಹೊರಗೆ ಬಂದರು. ಸಮೀರ ಬಂದು ತಲೆ ತಗ್ಗಿಸಿ ನಿಂತ. ಅವನು ನನ್ನ ಕಡೆ ನೋಡಲೂ ಇಲ್ಲ.

“ಗಿರಾಕಿಗೆ ರೂಲ್ಸ್ ತಿಳಿಸಿ ಹೇಳಿದ್ರೋ ಇಲ್ಲೋ?” ಮ್ಯಾನೇಜರು ಎಲ್ಲರ ಮುಂದೆ ಕೇಳಿದರು. ಸಮೀರ ಬುಟ್ಟಿಯನ್ನು ಕೌಂಟರಿನ ಅಂಚಿನಿಂದ ಒಳಗೆ ಸರಿಸಿದ. “ನಿಮ್ಮ ಮ್ಯಾಲೆ ಬರದ ಕಳಸಬೇಕಾಗ್ತೈತಿ ನೋಡ್ರಿ.” ಆಗಲೂ ಅವನು ಬಾಯಿಬಿಡಲಿಲ್ಲ. ಯಾರಿಗೂ ಹೇಳುವುದಿಲ್ಲ ಎಂದವನು ನಿಜಕ್ಕೂ ಹೇಳಲಿಲ್ಲ.

ಇನ್ನೊಬ್ಬರ ಮನೆಯ ಮಗ ನನ್ನ ಮಾನ ಕಾಯಲು ತನ್ನ ಅನ್ನಕ್ಕೆ ಕುತ್ತು ತಂದುಕೊಳ್ಳುತ್ತಿದ್ದಾನೆ, ನಾನು ಬುಟ್ಟಿಯ ಹಿಂದೆ ಅಡಗಿ ನಿಂತಿದ್ದೇನೆ.

“ಅವ ಹೇಳಿದ್ದ್ರಿ” ಎಂದೆ. ಬುಟ್ಟಿಯ ಹಿಂದಿನಿಂದ ಮುಂದೆ ಬಂದು ಇನ್ನೊಮ್ಮೆ ಅಂದೆ. “ಅವ ಚೆಂದಾಗಿ ಹೇಳಿದ್ದ. ನಾನ ನನ್ನ ಕಾರ್ಡ್ ನನ್ನ ಮಷಿನ್ನಿನಾಗ ಉಜ್ಜೇನಿ. ಮೂರ ಸಲ. ತಪ್ಪು ನಂದು.”

ಅತ್ತೆ ನಿಧಾನವಾಗಿ ನನ್ನ ಕಡೆ ತಿರುಗಿದರು.

“ಅಂದ್ರ? ನಿನ್ನ ರೊಟ್ಟಿ ನೀನ ಕೊಂಡಿ?”

“ಹೂಂ, ಅತ್ತೀ.”

“ರೇಟಿನಾಗ ಏನರ ಕಡಿಮಿ ಮಾಡಿಸ್ಕೊಂಡಿಯೋ ಇಲ್ಲೋ?”

ಸರತಿಯೇ ನಕ್ಕಿತು. ಹಣ ಎಣಿಸುತ್ತಿದ್ದ ಕ್ಯಾಷಿಯರ್ ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ ಎಣಿಸಿದ. ಮ್ಯಾನೇಜರು ನಗು ಕಟ್ಟಿಕೊಂಡು ನನಗೊಂದು ಹಾಳೆ, ಪೆನ್ನು ಕೊಟ್ಟರು. ಕಾರಣ ಬರೆಯಬೇಕಂತೆ. ಬರೆದೆ, “ಹಾಟ್‌ಬಾಕ್ಸ್ ಸಲುವಾಗಿ.” ಮ್ಯಾನೇಜರು ಓದಿ ಕಣ್ಣೆತ್ತಿದರು. ಏನೋ ಬಿಟ್ಟುಹೋಯಿತೆಂದುಕೊಂಡು, “ಗುಲಾಬಿ ಬಣ್ಣದ್ದು” ಎಂದು ಸೇರಿಸಿದೆ. ಪಾಯಿಂಟುಗಳೆಲ್ಲ ರದ್ದು, ಆರ್ಡರೂ ರದ್ದು.

ಅತ್ತೆ ಸಮೀರನ ಮುಂದೆ ಹೋಗಿ ನಿಂತರು. “ತಮ್ಮಾ, ತಪ್ಪ ತಿಳಕೊಂಡೆ. ಆಯಗಾರ ನೀ ಸರಿ ಅದೀ. ನನ್ನ ಮನ್ಯಾಗ ಹುಚ್ಚಿ ಇಟಕೊಂಡೇನಿ.” ಬುಟ್ಟಿಯನ್ನು ಅವನ ಕೈಗಿಟ್ಟರು. “ಬುಟ್ಟಿ ತಿರಗಿ ತಾ.”

ಆಟೋದಲ್ಲಿ ಅತ್ತೆ ಹನ್ನೆರಡು ಜನರ ಪಗಾರವನ್ನು ಬೆರಳು ಮಡಿಚಿ ಎಣಿಸುತ್ತ ಬಂದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಮೂರನೆಯ ದಿನ ಸಂಜೆ ಹಣ ಬಂತು. ಹನ್ನೆರಡೂ ಜನ ಪಗಾರ ಸೆರಗಿಗೆ ಕಟ್ಟಿಕೊಂಡು ಬಸ್ಸು ಹತ್ತಿದರು. ಹೋಗುವಾಗ ಒಬ್ಬಳು, “ನೀಲಕ್ಕಾರ, ನಾವಿಲ್ಲದಾಗ ರೊಟ್ಟಿ ಬೇಕಾದ್ರ ನಿಮ್ಮ ಕಡೆನ ತಗೊಳ್ರಿ” ಎಂದು ಕಿಸಕ್ಕನೆ ನಕ್ಕಳು. ಊರಿಗೆಲ್ಲ ಗೊತ್ತಾಗಿತ್ತು.

ರೊಟ್ಟಿ ಪಂಚಮಿಯ ದಿನ ಪಡಸಾಲೆ ಬಿಕೋ ಎನ್ನುತ್ತಿತ್ತು. ಸಮೀರ ಬೈಕು ನಿಲ್ಲಿಸಿ ಬುಟ್ಟಿ ಹಿಡಿದು ಬಂದ. ಈ ಸಲ ಬುಟ್ಟಿಯ ಮೇಲೆ ಬಟ್ಟೆ ಮುಚ್ಚಿತ್ತು.

“ನಮ್ಮ ಅಮ್ಮಿ ಬೈದ್ಳ್ರಿ, ಅಮ್ಮಾರ” ಎಂದ. “ಇಷ್ಟ ತಿಂಗಳ ಮಂದೀ ಬುಟ್ಟಿ ಬರೇ ಕೊಟ್ಟ ಬಂದಿಯೇನ, ನಾಚಿಕಿ ಆಗೂದಿಲ್ಲೇನ ಅಂದ್ಳು. ರೊಟ್ಟಿ ತಿಂದವ್ರೆಲ್ಲಾ ಕೂಡಿ ತಂದೇವಿ.”

“ಇಷ್ಟ ದಿನಕ್ಕ ತಿಳೀತ?” ಎಂದು ಅತ್ತೆ ಬಟ್ಟೆ ಸರಿಸಿದರು. ಒಳಗೆ ಅಮ್ಮಿ ಕಳಿಸಿದ ಕೆಂಪು ಚಟ್ನಿಯ ಡಬ್ಬಿ. ಅದರ ಪಕ್ಕದಲ್ಲಿ ಹಾಟ್‌ಬಾಕ್ಸ್. ಗುಲಾಬಿ ಬಣ್ಣದ್ದು.

ನಾಚಿಕೆಯಿಂದ ನನಗೆ ನೆಲ ಬಿರಿಯಬಾರದೇ ಎನಿಸಿತು, ಅಷ್ಟೇ ಖುಷಿಯೂ ಆಯಿತು. ವರ್ಷವಿಡೀ ನಾನು ಬ್ಯಾಂಕಿನಿಂದ ಕಿತ್ತುಕೊಳ್ಳಲು ಒದ್ದಾಡಿದ್ದು ಅತ್ತೆಯ ಬುಟ್ಟಿಯಲ್ಲಿ ತಾನಾಗಿ ಬಂದು ಕುಳಿತಿತ್ತು. ಓಡಿಹೋಗಿ ಒಂದು ಖಡಕ್ ರೊಟ್ಟಿ ತಂದು ಅದರೊಳಗೆ ಇಡಲು ಹೋದೆ. ಹಿಡಿಯಲಿಲ್ಲ. ಓರೆ ಮಾಡಿ ನೋಡಿದೆ, ಒತ್ತಿ ನೋಡಿದೆ. ನಮ್ಮ ರೊಟ್ಟಿ ಅದರ ಬಾಯಿಗಿಂತ ನಾಲ್ಕು ಬೆರಳು ಅಗಲ. ಫೋನಿನ ಚಿತ್ರದಲ್ಲಿ ಅಳತೆ ನೋಡಬೇಕೆಂದು ನನಗೆ ಹೊಳೆದೇ ಇರಲಿಲ್ಲ. ರೊಟ್ಟಿ ಪಟ್ಟನೆ ಮುರಿಯಿತು. ಸಮೀರ ಗೋಡೆಯ ಕಡೆ ತಿರುಗಿ ಭುಜ ಕುಣಿಸಿ ನಗತೊಡಗಿದ.

ಅತ್ತೆ ನಗಲಿಲ್ಲ. “ನನಗ ಹಂಚಿನ ಮುಂದ ಕುಂದ್ರಸು” ಎಂದರು. ಇಬ್ಬರೂ ಹಿಡಿದು ಕೂರಿಸಿದೆವು. ಆರು ವರ್ಷದ ಮೇಲೆ ಆ ಕೈ ಹಿಟ್ಟು ನಾದಿತು. ಟಪ ಟಪ ಸಪ್ಪಳ ಶುರುವಾಯಿತು, ಮೊದಲು ಮೆಲ್ಲಗೆ, ಆಮೇಲೆ ಹಳೆಯ ಗತ್ತಿನಲ್ಲಿ. ಅಂಗೈಗಿಂತ ತುಸು ದೊಡ್ಡವು, ಮೆತ್ತನೆಯವು, ಎರಡು ರೊಟ್ಟಿ. ಉಬ್ಬಿದ್ದನ್ನು ಒಂದರ ಮೇಲೊಂದು ಹಾಟ್‌ಬಾಕ್ಸಿನೊಳಗೆ ಇಟ್ಟರು. ಅಳೆದು ಮಾಡಿದ ಹಾಗೆ ಕುಳಿತವು.

ಮೇಲಿನದನ್ನು ತೆಗೆದು ಸಮೀರನ ಕೈಗೆ ಕೊಟ್ಟರು. “ತಗೋ, ಬ್ಯಾಂಕಿಂದು.” ಇನ್ನೊಂದರ ಮೇಲೆ ಅಮ್ಮಿಯ ಚಟ್ನಿ ಸವರಿ, ಬೆಣ್ಣೆ ಇಟ್ಟು, ನನ್ನ ಕಡೆ ಚಾಚಿದರು. ನಾನು ಅವರಿಗೂ ಇರಲೆಂದು ಅರ್ಧ ಮುರಿಯಲು ಹೋದೆ. ಅತ್ತೆ ನನ್ನ ಕೈ ಹಿಡಿದು ನಿಲ್ಲಿಸಿದರು.

“ಇಡೀ ತಿನ್ನವಾ. ಇದರಾಗ ಯಾರೂ ಏನೂ ಕಡಿಯಂಗಿಲ್ಲ.”